ಮಾರಾಟದ ಹಾಡು, ಮೆರವಣಿಗೆಯ ಹಾಡು

1966ರ ಮಾರ್ಚ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿ ಐದು ವಾರ ಅಲ್ಲಿಂದ ಕದಲದೆ ಕೂತ ಹಾಡನ್ನು ಹಾಡಿದವರು ಒಬ್ಬ ಸೈನಿಕ. ಹೆಸರು ಬ್ಯಾರಿ ಸ್ಯಾಡ್ಲರ್. ಸೇನೆಯ ವಿಶೇಷ ಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ಅವರು, ವಿಯೆಟ್ನಾಂನಲ್ಲಿ ಶತ್ರುಗಳು ಹೂತಿಟ್ಟಿದ್ದ ಚೂಪು ಬಿದಿರಿನ ಗೂಟ ಕಾಲಿಗೆ ಹೊಕ್ಕು ಗಾಯಗೊಂಡು ಊರಿಗೆ ಮರಳಿದ್ದರು. 'ದಿ ಬ್ಯಾಲಡ್ ಆಫ್ ದಿ ಗ್ರೀನ್ ಬೆರೆಟ್ಸ್' ಎಂಬ ಆ ಹಾಡಿನಲ್ಲಿ ಯುದ್ಧದ ಬಗ್ಗೆ ಅನುಮಾನದ ಸುಳಿವೂ ಇಲ್ಲ. ಕವಾಯತಿನ ಡ್ರಮ್ಮಿನ ಹೆಜ್ಜೆಗೆ ತಕ್ಕಂತೆ ನಡೆಯುವ ಅದು ಹಸಿರು ಟೋಪಿಯ ವೀರರನ್ನು ಹೊಗಳುತ್ತದೆ, ರಣರಂಗದಲ್ಲಿ ಸಾಯುವ ಯೋಧ ತನ್ನ ಮಗನೂ ಇದೇ ಪಡೆಗೆ ಸೇರಲಿ ಎಂದು ಬಯಸುತ್ತಾನೆ. ಆ ಹಾಡಿನ ಗ್ರಾಮಫೋನ್ ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಬೀಟಲ್ಸ್ ಇದ್ದ ಕಾಲ, ಬಾಬ್ ಡಿಲನ್ ಇದ್ದ ಕಾಲ, ವಿಯೆಟ್ನಾಂನಲ್ಲಿ ಆಗಲೇ ಎರಡು ಲಕ್ಷ ಅಮೆರಿಕನ್ ಸೈನಿಕರಿದ್ದ ಕಾಲ ಅದು. ಅರವತ್ತರ ದಶಕದ ಬಗ್ಗೆ ಇಂದು ನಾವು ನೋಡುವ ಸಿನಿಮಾ, ಸಾಕ್ಷ್ಯಚಿತ್ರಗಳಲ್ಲಿ ಈ ಹಾಡಿಗೆ ಜಾಗ ಸಿಗುವುದು ಅಪರೂಪ. ಅಲ್ಲಿ ಹೆಲಿಕಾಪ್ಟರ್ ಹಾರುತ್ತದೆ, ಹಿನ್ನೆಲೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಬ್ಬರಿಸುತ್ತದೆ, ಉದ್ದಗೂದಲಿನ ಹುಡುಗರು ಹೂ ಹಿಡಿದು ನಿಲ್ಲುತ್ತಾರೆ. ಆ ಕಾಲದ ಸಂಗೀತವೆಲ್ಲ ಯುದ್ಧದ ವಿರುದ್ಧ ಎದ್ದು ನಿಂತಿತ್ತು, ಹಾಡಿ ಹಾಡಿಯೇ ಜನ ಒಂದು ಯುದ್ಧವನ್ನು ನಿಲ್ಲಿಸಿಬಿಟ್ಟರು ಎಂಬ ಕಥೆ ಹೀಗೆ ಬೇರೂರಿದೆ.

ಕಥೆ ಚೆಂದ, ಆದರೆ ತಾರೀಖುಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ವಿಯೆಟ್ನಾಂಗೆ ಸೈನ್ಯ ಕಳಿಸಿದ್ದು ತಪ್ಪೇ ಎಂದು ಗ್ಯಾಲಪ್ ಸಂಸ್ಥೆ ವರ್ಷ ವರ್ಷವೂ ಜನರನ್ನು ಕೇಳುತ್ತಿತ್ತು. 1965ರ ಆಗಸ್ಟ್‌ನಲ್ಲಿ ತಪ್ಪು ಎಂದವರು ಶೇ 24. 1968ರ ಆಗಸ್ಟ್ ಹೊತ್ತಿಗೆ ಅದು ಶೇ 53 ಆಯಿತು. 1971ರ ಮೇನಲ್ಲಿ ಶೇ 61. ಇದರ ಪಕ್ಕದಲ್ಲಿ ಮಾರಾಟದ ಪಟ್ಟಿಯನ್ನಿಟ್ಟು ನೋಡಿ. ಯುದ್ಧವೆಂಬುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ನೇರವಾಗಿ ಕೂಗಿ ಹೇಳುವ ಹಾಡೊಂದು, ಎಡ್ವಿನ್ ಸ್ಟಾರ್ ಹಾಡಿದ 'ವಾರ್', ಪಟ್ಟಿಯ ತುದಿ ಮುಟ್ಟಿದ್ದು 1970ರ ಆಗಸ್ಟ್ ಕೊನೆಯಲ್ಲಿ. ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಮನಸ್ಸು ಬದಲಿಸಿ ಎರಡು ವರ್ಷ ಕಳೆದ ಮೇಲೆ. ಅದನ್ನೂ ಮೊದಲು ಹಾಡಿದ್ದು ಮೋಟೌನ್ ಕಂಪನಿಯ ದೊಡ್ಡ ತಂಡವಾದ ಟೆಂಪ್ಟೇಷನ್ಸ್. ಅವರ ಅಭಿಮಾನಿಗಳಲ್ಲಿ ಸಂಪ್ರದಾಯಸ್ಥರು ಮುನಿಸಿಕೊಂಡಾರು ಎಂಬ ಅಂಜಿಕೆಯಿಂದ ಕಂಪನಿ ಅದನ್ನು ಬಿಡಿ ತಟ್ಟೆಯಾಗಿ ಹೊರತರಲಿಲ್ಲ. ಕಳೆದುಕೊಳ್ಳುವುದು ಅಷ್ಟೇನೂ ಇಲ್ಲದ ಸ್ಟಾರ್ ಅವರಿಂದ ಮತ್ತೆ ಹಾಡಿಸಿತು. ಅಂಗಡಿಯಲ್ಲಿ ಗೆದ್ದ ಯುದ್ಧವಿರೋಧಿ ಹಾಡು ಜನಾಭಿಪ್ರಾಯದ ಹಿಂದೆ ಬಂದಿತೇ ಹೊರತು ಮುಂದೆ ನಡೆಯಲಿಲ್ಲ. ಹಾಗಾದರೆ ಹಾಡಿನಿಂದ ಏನೂ ಆಗಲಿಲ್ಲವೇ? ಆಯಿತು, ಆದರೆ ಬೇರೆ ಕಡೆ ಆಯಿತು. ಒಂದೇ ಹೆಸರಿನಿಂದ ಕರೆಯುವ ಎರಡು ಬೇರೆ ಬೇರೆ ವಸ್ತುಗಳಿದ್ದವು: ತಟ್ಟೆಯ ಮೇಲೆ ಮಾರಾಟವಾಗುವ ಹಾಡು, ಗುಂಪಿನ ನಡುವೆ ಎದ್ದೇಳುವ ಹಾಡು. ಯುದ್ಧವಿರೋಧದ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಎರಡನೆಯದು. ಅದು ಎದುರಾಳಿಯ ಮನಸ್ಸನ್ನು ಬದಲಿಸಲು ಹೊರಟಿರಲಿಲ್ಲ. ಒಳಗೊಳಗೇ ಒಪ್ಪದಿದ್ದವರನ್ನು ಬೀದಿಗೆ ತಂದು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿತು.

ಇದಕ್ಕೆ ಒಂದು ಆಕ್ಷೇಪ ತಕ್ಷಣ ಏಳುತ್ತದೆ. ಹುಡುಗರನ್ನು ಬೀದಿಗೆ ತಂದದ್ದು ಹಾಡಲ್ಲ, ಕಡ್ಡಾಯ ಸೇನಾ ಭರ್ತಿ. ಹದಿನೆಂಟು ತುಂಬಿದ ಗಂಡುಹುಡುಗರೆಲ್ಲ ಹೆಸರು ನೋಂದಾಯಿಸಬೇಕು, ಊರಿನ ಭರ್ತಿ ಮಂಡಳಿ ಕರೆದರೆ ಹೋಗಬೇಕು, ಇಲ್ಲದಿದ್ದರೆ ಜೈಲು. 1965ರ ಜುಲೈ 28ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ತಿಂಗಳ ಭರ್ತಿಯನ್ನು 17,000ದಿಂದ 35,000ಕ್ಕೆ ಏರಿಸಿದರು. ತಲೆಯ ಮೇಲೆ ಇಂಥ ಕತ್ತಿ ತೂಗುತ್ತಿದ್ದರೆ ಯಾರಾದರೂ ಎದ್ದು ನಿಲ್ಲುತ್ತಾರೆ, ಹಾಡು ಬರೀ ಅಲಂಕಾರ ಎಂಬ ವಾದ ಇದು. ವಾದದಲ್ಲಿ ಹುರುಳಿದೆ, ಆದರೆ ಕೊರಿಯಾ ಅದಕ್ಕೆ ಅಡ್ಡ ನಿಲ್ಲುತ್ತದೆ. 1950ರಿಂದ 53ರವರೆಗೆ ನಡೆದ ಆ ಯುದ್ಧಕ್ಕೂ ಇದೇ ಕಡ್ಡಾಯ ಭರ್ತಿಯಿಂದಲೇ ಹುಡುಗರು ಹೋದರು, ಮೂವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು, ಯುದ್ಧ ಜನರಿಗೆ ಬೇಡವೂ ಆಗಿತ್ತು. ಆದರೂ ಹೇಳಿಕೊಳ್ಳುವಂಥ ಮೆರವಣಿಗೆಗಳಿಲ್ಲ, ಹಾಡುಗಳಿಲ್ಲ. ಹಾಡುಗಾರರು ಇರಲಿಲ್ಲ ಎಂದಲ್ಲ. ಕೊರಿಯಾ ಯುದ್ಧ ಶುರುವಾದ ವರ್ಷವೇ ವೀವರ್ಸ್ ಎಂಬ ನಾಲ್ವರ ಜಾನಪದ ತಂಡದ 'ಗುಡ್‌ನೈಟ್ ಐರೀನ್' ಪಟ್ಟಿಯ ತುದಿಯಲ್ಲಿ ವಾರಗಟ್ಟಲೆ ಇತ್ತು. ತಂಡದಲ್ಲಿ ಬ್ಯಾಂಜೊ ನುಡಿಸುತ್ತಿದ್ದವರು ಪೀಟ್ ಸೀಗರ್. ಎರಡೇ ವರ್ಷದಲ್ಲಿ ಅವರ ಮೇಲೆ ಕಮ್ಯುನಿಸ್ಟರೆಂಬ ಹಣೆಪಟ್ಟಿ ಬಿತ್ತು, ರೇಡಿಯೊ ಬಾಗಿಲು ಮುಚ್ಚಿತು, ತಂಡ ಚದುರಿತು. 1955ರಲ್ಲಿ ಸೀಗರ್ ಅವರನ್ನು ಸಂಸತ್ತಿನ ಸಮಿತಿ ಕರೆಸಿ ಯಾರ ಯಾರ ಸಭೆಯಲ್ಲಿ ಹಾಡಿದಿರಿ ಎಂದು ಕೇಳಿತು. ಉತ್ತರಿಸಲು ಒಪ್ಪದ ಅವರಿಗೆ ಶಿಕ್ಷೆಯಾಗಿ, ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿದ್ದು 1962ರಲ್ಲಿ. ಭರ್ತಿಯ ಭಯ ಎರಡೂ ಯುದ್ಧಗಳಲ್ಲಿ ಇತ್ತು. ಒಟ್ಟಿಗೆ ಸೇರಿ ಬಾಯಿ ತೆರೆಯುವ ಧೈರ್ಯ ಮೊದಲನೆಯದರಲ್ಲಿ ಇರಲಿಲ್ಲ.

ಆ ಧೈರ್ಯವನ್ನು ಬಿಳಿಯ ವಿದ್ಯಾರ್ಥಿಗಳು ಕಲಿತದ್ದು ಕಪ್ಪು ಜನರಿಂದ. ಈ ಸಾಲವನ್ನು ಅರವತ್ತರ ದಶಕದ ರಾಕ್ ಚರಿತ್ರೆಗಳು ಬೇಕಾದಷ್ಟು ಒತ್ತಿ ಹೇಳುವುದಿಲ್ಲ. ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ 1961–62ರಲ್ಲಿ ವರ್ಣಭೇದದ ವಿರುದ್ಧ ಚಳವಳಿ ನಡೆದಾಗ ಜನರನ್ನು ಗುಂಪು ಗುಂಪಾಗಿ ಹಿಡಿದು ಜೈಲಿಗೆ ತುಂಬಿದರು. ಜೈಲಿನೊಳಗೆ, ಚರ್ಚಿನೊಳಗೆ, ಪೊಲೀಸರ ಎದುರಿಗೆ ಅವರು ಹಾಡಿದ್ದು ಹೊಸದಾಗಿ ಕಟ್ಟಿದ ಹಾಡುಗಳನ್ನಲ್ಲ, ಅಜ್ಜಿಯರ ಕಾಲದಿಂದ ಬಂದ ಭಜನೆಗಳನ್ನು. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಯಾವ ಊರಿಗೆ ಹೋದರೆ ಆ ಊರಿನ ಪೊಲೀಸ್ ಮುಖ್ಯಸ್ಥರ ಹೆಸರನ್ನು ಸಾಲಿನ ನಡುವೆ ಸೇರಿಸುತ್ತಾರೆ: ಆಲ್ಬನಿಯಲ್ಲಿ ಪ್ರಿಚೆಟ್ ಅವರ ಹೆಸರು ಹೀಗೆ ಹಾಡಿಗೆ ಹೊಕ್ಕಿತು. ದೇವರನ್ನು ಕುರಿತ ಹಾಡು ಅರ್ಧ ನಿಮಿಷದಲ್ಲಿ ಪೊಲೀಸರನ್ನು ಕುರಿತ ಹಾಡಾಗುತ್ತದೆ, ರಾಗ ಎಲ್ಲರಿಗೂ ಗೊತ್ತಿರುವುದರಿಂದ ಕಲಿಯುವ ಗೋಜಿಲ್ಲ. ಆ ಚಳವಳಿಯಿಂದ ಎದ್ದು ಬಂದ ಬರ್ನಿಸ್ ಜಾನ್ಸನ್ ರೀಗನ್ ಮತ್ತು ಸಂಗಾತಿಗಳ ಫ್ರೀಡಂ ಸಿಂಗರ್ಸ್ ತಂಡ ಊರೂರು, ಕಾಲೇಜು ಕಾಲೇಜು ಸುತ್ತಿತು. 'ವಿ ಶಲ್ ಓವರ್‌ಕಮ್' ನಡೆದ ದಾರಿಯೂ ಇಂಥದ್ದೇ. ಚರ್ಚಿನ ಹಾಡಿನಿಂದ ಹೊರಟು, 1945ರ ಚಳಿಗಾಲದಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರದಲ್ಲಿ ಹಾಡಿಸಿಕೊಂಡು, ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಯ ಮೂಲಕ ಸೀಗರ್, ಗೈ ಕ್ಯಾರವಾನ್ ಮುಂತಾದವರ ಕೈಗೆ ಬಂದು, 1960ರ ಹೊತ್ತಿಗೆ ವಿದ್ಯಾರ್ಥಿ ಚಳವಳಿಯ ಸ್ವಂತದ್ದಾಯಿತು. ಕರ್ನಾಟಕದ ಶಾಲೆಗಳಲ್ಲಿ, ಕಾರ್ಮಿಕರ ಮತ್ತು ವಿದ್ಯಾರ್ಥಿಗಳ ಜಾಥಾಗಳಲ್ಲಿ ಇಂದಿಗೂ ಕೈ ಕೈ ಹಿಡಿದು ಹಾಡುವ ಅದರ ಕನ್ನಡ ರೂಪವನ್ನು ಕೇಳದವರು ಕಡಿಮೆ. ಅದನ್ನು ಬರೆದವರಾರು ಎಂದು ಕೇಳಿದರೆ ಇಬ್ಬರು ಮೂವರ ಹೆಸರು ಹೇಳಿ ಮುಗಿಸುವಂತಿಲ್ಲ. ಹಾಡಿದವರೆಲ್ಲ ಸ್ವಲ್ಪ ಸ್ವಲ್ಪ ತಿದ್ದಿದ್ದಾರೆ.

1965ರ ಮಾರ್ಚ್ ತಿಂಗಳಲ್ಲಿ ಚಳವಳಿಯ ಕಥೆ, ಯುದ್ಧದ ಕಥೆ ಎರಡೂ ಒಂದಕ್ಕೊಂದು ಹೆಣೆದುಕೊಂಡವು. 7ರಂದು ಅಲಬಾಮಾದ ಸೆಲ್ಮಾ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳುತ್ತಾ ನಡೆದವರನ್ನು ಪೊಲೀಸರು ಬಡಿದು ಉರುಳಿಸಿದರು. 8ರಂದು ವಿಯೆಟ್ನಾಂನ ದಾನಾಂಗ್ ದಡದಲ್ಲಿ ಅಮೆರಿಕದ ನೌಕಾ ಪದಾತಿಗಳು ಇಳಿದರು. 15ರಂದು ಅಧ್ಯಕ್ಷ ಜಾನ್ಸನ್ ಸಂಸತ್ತಿನ ಎದುರು ನಿಂತು ಕಪ್ಪು ಜನರ ಮತಹಕ್ಕಿನ ಪರವಾಗಿ ಮಾತಾಡುತ್ತಾ 'ವಿ ಶಲ್ ಓವರ್‌ಕಮ್' ಎಂಬ ಅದೇ ಹಾಡಿನ ಹೆಸರನ್ನು ತಮ್ಮ ಮಾತಾಗಿ ಉಚ್ಚರಿಸಿದರು. ಚಳವಳಿಯ ಹಾಡು ಅಧ್ಯಕ್ಷರ ಬಾಯಿಗೆ ಬಂದ ವಾರದಲ್ಲೇ ಅವರ ಸೈನ್ಯ ಇನ್ನೊಂದು ನೆಲದಲ್ಲಿ ಕಾಲೂರುತ್ತಿತ್ತು. 24ರ ರಾತ್ರಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಬೆಳಗಾಗುವವರೆಗೆ ಕೂತು ವಿಯೆಟ್ನಾಂ ಬಗ್ಗೆ ಚರ್ಚಿಸಿದರು. ಏಪ್ರಿಲ್ 17ಕ್ಕೆ ವಾಷಿಂಗ್ಟನ್‌ನಲ್ಲಿ ಯುದ್ಧದ ವಿರುದ್ಧ ಮೊದಲ ದೊಡ್ಡ ಮೆರವಣಿಗೆ. ಹದಿನೈದರಿಂದ ಇಪ್ಪತ್ತೈದು ಸಾವಿರ ಜನ. ಹಾಡಿದವರು ಜೋನ್ ಬಯೆಜ್, ಜೂಡಿ ಕಾಲಿನ್ಸ್, ಫಿಲ್ ಓಕ್ಸ್. ಈ ಹೆಸರುಗಳಲ್ಲಿ ಓಕ್ಸ್ ಅವರದು ಮುಖ್ಯ. ಇನ್ನು ಮುಂದೆ ಕವಾಯತು ಮಾಡಲಾರೆ ಎಂದು ಎಲ್ಲ ಯುದ್ಧಗಳ ಸಿಪಾಯಿಯೊಬ್ಬ ನಿರಾಕರಿಸುವ ಹಾಡನ್ನು ಅವರು ಅದೇ ವರ್ಷ ಹೊರತಂದರು. ಅದು ಯಾವ ಪಟ್ಟಿಯಲ್ಲೂ ಮೇಲೇರಲಿಲ್ಲ. ಆದರೆ ಮುಂದಿನ ಹತ್ತು ವರ್ಷ ಯುದ್ಧವಿರೋಧಿ ಸಭೆಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬಂತು. ಡಿಲನ್ ವಿಷಯ ತದ್ವಿರುದ್ಧ. ಯುದ್ಧದ ವ್ಯಾಪಾರಿಗಳನ್ನು ಶಪಿಸುವ 'ಮಾಸ್ಟರ್ಸ್ ಆಫ್ ವಾರ್' ಅನ್ನು 1963ರಲ್ಲೇ ಹೊರತಂದಿದ್ದ ಅವರು, ಮೆರವಣಿಗೆಗಳು ಶುರುವಾಗುವ ಹೊತ್ತಿಗೆ ಅವುಗಳಿಂದ ದೂರ ಸರಿದಿದ್ದರು. ಅವರಿಲ್ಲದೆಯೂ ಅವರ ಹಾಡುಗಳು ನಡೆದವು.

1965ರಲ್ಲೇ ಪ್ರತಿಭಟನೆಯ ಹಾಡು ಪಟ್ಟಿಯ ತುದಿಗೇರಿತ್ತಲ್ಲ ಎಂದು ಇಲ್ಲಿ ಯಾರಾದರೂ ನೆನಪಿಸಬಹುದು. ನಿಜ, ಬ್ಯಾರಿ ಮಗ್ವಾಯರ್ ಹಾಡಿದ 'ಈವ್ ಆಫ್ ಡಿಸ್ಟ್ರಕ್ಷನ್' ಆ ಸೆಪ್ಟೆಂಬರ್‌ನಲ್ಲಿ ಒಂದನೇ ಸ್ಥಾನದಲ್ಲಿತ್ತು. ಆದರೆ ಅದರಲ್ಲಿ ವಿಯೆಟ್ನಾಂ ಹೆಸರು ಇಲ್ಲ. ಅಣುಬಾಂಬು, ಸೆಲ್ಮಾ, ಚೀನಾ, ಜಗತ್ತಿನ ಎಲ್ಲ ಕೇಡುಗಳೂ ಒಂದೇ ಉಸಿರಿನಲ್ಲಿ ಬಂದು ಹೋಗುತ್ತವೆ. ಭಯ ಇದೆ, ಬೇಡಿಕೆ ಇಲ್ಲ. ಅದರಲ್ಲಿ ಒಂದೇ ಒಂದು ಖಚಿತವಾದ ದೂರು ಎಂದರೆ ಕೊಲ್ಲಲು ಕಳಿಸುವಷ್ಟು ದೊಡ್ಡವನಾದ ಹುಡುಗನಿಗೆ ಮತ ಹಾಕುವ ವಯಸ್ಸಾಗಿಲ್ಲ ಎಂಬುದು. ಆಗ ಹೆಚ್ಚಿನ ರಾಜ್ಯಗಳಲ್ಲಿ ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿತ್ತು. ಸಂವಿಧಾನಕ್ಕೆ 26ನೇ ತಿದ್ದುಪಡಿಯಾಗಿ ಆ ವಯಸ್ಸು ಹದಿನೆಂಟಕ್ಕೆ ಇಳಿದದ್ದು 1971ರಲ್ಲಿ. ಆ ದೂರಿಗೆ ಹಾಡಿಗಿಂತ ಹಳೆಯ ಇತಿಹಾಸವಿದೆ, ಹಾಗಾಗಿ ಕೀರ್ತಿಯನ್ನು ಮಗ್ವಾಯರ್‌ಗೆ ಕಟ್ಟುವುದು ಸರಿಯಲ್ಲ. ಕೆಲವು ರೇಡಿಯೊ ಕೇಂದ್ರಗಳು ಹಾಡನ್ನು ನಿಷೇಧಿಸಿದವು, ಇನ್ನೊಂದು ತಂಡ ಅದಕ್ಕೆ ಉತ್ತರವಾಗಿ ಆಶಾವಾದದ ಹಾಡು ಬಿಟ್ಟಿತು, ಆರು ತಿಂಗಳಲ್ಲಿ ಸ್ಯಾಡ್ಲರ್ ಬಂದರು. ಮಾರುಕಟ್ಟೆ ಎರಡೂ ಕಡೆಗೆ ತಟ್ಟೆ ಮಾರಿತು, ಅಷ್ಟೇ. ಇದರ ಇನ್ನೊಂದು ನಿದರ್ಶನ ಇನ್ನೂ ಸೊಗಸಾಗಿದೆ. ಸ್ಯಾಡ್ಲರ್ ಅವರ ತಟ್ಟೆ ಹೊರತಂದ ಆರ್‌ಸಿಎ ವಿಕ್ಟರ್, ಕ್ರಾಂತಿಗೆ ಕರೆ ಕೊಡುವ ಜೆಫರ್ಸನ್ ಏರ್‌ಪ್ಲೇನ್ ತಂಡದ 'ವಾಲಂಟಿಯರ್ಸ್' ಅನ್ನೂ 1969ರಲ್ಲಿ ಹೊರತಂದಿತು. ಅದರ ಒಡೆಯನಾದ ಆರ್‌ಸಿಎ ಕಂಪನಿ ಅದೇ ಕಾಲದಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಎಲೆಕ್ಟ್ರಾನಿಕ್ ಉಪಕರಣ ಒದಗಿಸುತ್ತಿತ್ತು.

ಹಾಗೆಂದು ಯಂತ್ರ, ವ್ಯಾಪಾರ, ಕಾನೂನುಗಳನ್ನು ಬದಿಗಿಟ್ಟು ಮೆರವಣಿಗೆಯ ಹಾಡಿನ ಕಥೆ ಹೇಳಲಾಗದು. ಕಂಟ್ರಿ ಜೋ ಮೆಕ್‌ಡೊನಾಲ್ಡ್ ಎಂಬ ನೌಕಾಪಡೆಯ ಮಾಜಿ ನಾವಿಕರು 1965ರಲ್ಲಿ ಬರ್ಕ್ಲಿಯಲ್ಲಿ ಒಂದು ವಿಡಂಬನೆಯ ಹಾಡು ಕಟ್ಟಿದರು. ಜಾತ್ರೆಯಲ್ಲಿ ಸರಕು ಕೂಗಿ ಮಾರುವವನ ಉತ್ಸಾಹದಲ್ಲಿ ಅದು ಸೇನಾಧಿಕಾರಿಗಳನ್ನು, ಷೇರುಪೇಟೆಯವರನ್ನು ಕರೆಯುತ್ತದೆ; ಕೊನೆಗೆ ನಿಮ್ಮ ಬೀದಿಯಲ್ಲಿ ಮಗನ ಹೆಣ ಪೆಟ್ಟಿಗೆಯಲ್ಲಿ ಬಂದ ಮೊದಲ ಮನೆ ನಿಮ್ಮದೇ ಆಗಲಿ ಎಂದು ತಂದೆ ತಾಯಿಯರನ್ನು ಹುರಿದುಂಬಿಸುತ್ತದೆ. ಇಂಥದ್ದನ್ನು ಯಾವ ದೊಡ್ಡ ಕಂಪನಿಯೂ ಆಗ ಮುಟ್ಟುತ್ತಿರಲಿಲ್ಲ, ಅವರೇ ಸಣ್ಣ ತಟ್ಟೆ ಮಾಡಿಸಿ ಹಂಚಿದರು. ಆಮೇಲೆ ಸರ್ಕಾರದ ಒಂದು ಒಣ ನಿಯಮ ಸಹಾಯಕ್ಕೆ ಬಂತು. ದೊಡ್ಡ ನಗರಗಳ ಎಫ್‌ಎಂ ಕೇಂದ್ರಗಳು ಎಎಂ ಕಾರ್ಯಕ್ರಮವನ್ನೇ ಇಡೀ ದಿನ ನಕಲು ಮಾಡುವಂತಿಲ್ಲ ಎಂಬ ನಿಯಮ 1967ರ ಆರಂಭದಿಂದ ಜಾರಿಯಾಯಿತು. ಖಾಲಿ ಬಿದ್ದ ಗಂಟೆಗಳನ್ನು ಏನಾದರೂ ಹಾಕಿ ತುಂಬಲೇಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಟಾಮ್ ಡೊನಾಹು ಅಂಥವರು ಮೂರು ನಿಮಿಷದ ಬಿಡಿ ಹಾಡುಗಳನ್ನು ಬಿಟ್ಟು ಉದ್ದನೆಯ ತಟ್ಟೆಗಳನ್ನೇ ಹಾಕತೊಡಗಿದರು. ಹದಿನೆಂಟು ನಿಮಿಷ ದಾಟುವ 'ಆಲಿಸಸ್ ರೆಸ್ಟೊರೆಂಟ್' ಜನರ ಕಿವಿ ತಲುಪಿದ್ದು ಇಂಥ ಕೇಂದ್ರಗಳ ಮೂಲಕ. ಜಾನಪದ ಗಾಯಕ ವುಡಿ ಗತ್ರಿಯವರ ಮಗ ಆರ್ಲೊ ಗತ್ರಿ ಗಿಟಾರ್ ಮೀಟುತ್ತಾ ಹೇಳುವ ಕಥೆ ಅದು. 1965ರಲ್ಲಿ ಹಬ್ಬದ ದಿನ ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ನಲ್ಲಿ ಕಸವನ್ನು ಎಸೆಯಬಾರದ ಕಡೆ ಎಸೆದು ದಂಡ ಕಟ್ಟಿದ ಹುಡುಗ, ನ್ಯೂಯಾರ್ಕಿನ ವೈಟ್‌ಹಾಲ್ ಬೀದಿಯ ಭರ್ತಿ ಕಚೇರಿಗೆ ಹೋಗುತ್ತಾನೆ. ಊರು ಸುಡಲು, ಜನರನ್ನು ಕೊಲ್ಲಲು ಬೇಕಾದಷ್ಟು ನಡತೆವಂತ ಹೌದೋ ಅಲ್ಲವೋ ಎಂದು ಅಲ್ಲಿನ ಅಧಿಕಾರಿಗಳು ಆ ಕಸದ ಕೇಸನ್ನು ಹಿಡಿದು ತೂಗುತ್ತಾರೆ. ಕೊನೆಯಲ್ಲಿ ಗತ್ರಿ ಕೇಳುಗರಿಗೆ ಒಂದು ಲೆಕ್ಕ ಹೇಳಿಕೊಡುತ್ತಾರೆ: ಭರ್ತಿ ಕಚೇರಿಗೆ ಹೋಗಿ ಒಬ್ಬ ಈ ಹಾಡಿನ ಸೊಲ್ಲು ಹಾಡಿದರೆ ಹುಚ್ಚನೆಂದು ಕಳಿಸುತ್ತಾರೆ, ದಿನಕ್ಕೆ ಐವತ್ತು ಜನ ಹಾಡಿದರೆ ಅದನ್ನು ಚಳವಳಿ ಎನ್ನುತ್ತಾರೆ. ಆ ತಮಾಷೆಯೊಳಗೆ ಮೆರವಣಿಗೆಯ ಹಾಡಿನ ಕಾರ್ಯವಿಧಾನ ಪೂರ್ತಿಯಾಗಿ ಅಡಗಿದೆ.

ಹಾಡು ಇಷ್ಟು ನಿರುಪದ್ರವಿಯಾಗಿದ್ದರೆ ಸರ್ಕಾರ, ಟಿವಿ ಕಂಪನಿಗಳು ಯಾಕೆ ಹೆದರಿದವು ಎಂಬುದು ಇನ್ನೊಂದು ಆಕ್ಷೇಪ. ಸೀಗರ್ ಅವರದೇ ಉದಾಹರಣೆ ಇದೆ. 1967ರ ಸೆಪ್ಟೆಂಬರ್‌ನಲ್ಲಿ ಸ್ಮದರ್ಸ್ ಸಹೋದರರು ಸಿಬಿಎಸ್ ವಾಹಿನಿಯ ತಮ್ಮ ಹಾಸ್ಯ ಕಾರ್ಯಕ್ರಮಕ್ಕೆ ಅವರನ್ನು ಕರೆಸಿದರು. ಸೀಗರ್ ಹಾಡಿದ್ದು 1942ರಲ್ಲಿ ಲೂಸಿಯಾನಾದಲ್ಲಿ ತರಬೇತಿ ಪಡೆಯುತ್ತಿದ್ದ ಸೈನಿಕರ ಕಥೆ. ಕ್ಯಾಪ್ಟನ್ ನದಿ ದಾಟಿ ಎನ್ನುತ್ತಾರೆ, ನೀರು ಮೊಣಕಾಲಿಗೆ, ಸೊಂಟಕ್ಕೆ, ಕುತ್ತಿಗೆಗೆ ಬಂದರೂ ಮುಂದಕ್ಕೆ ಎನ್ನುತ್ತಾರೆ, ಕೊನೆಗೆ ಅವರೇ ಮುಳುಗುತ್ತಾರೆ. ವಿಯೆಟ್ನಾಂ ಎಂಬ ಪದವಿಲ್ಲದಿದ್ದರೂ ಮುಳುಗಿದ ಕ್ಯಾಪ್ಟನ್ ಯಾರೆಂದು ಮಗುವಿಗೂ ತಿಳಿಯುತ್ತಿತ್ತು. ಸಿಬಿಎಸ್ ಹಾಡನ್ನು ಕತ್ತರಿಸಿತು. ಮುಂದಿನ ಜನವರಿ ಕೊನೆಯಲ್ಲಿ, ವಿಯೆಟ್ನಾಮಿನ ಹೊಸವರ್ಷ ತೆತ್ ಹಬ್ಬದಂದು, ದಕ್ಷಿಣದ ನಗರಗಳ ಮೇಲೆಲ್ಲ ಒಮ್ಮೆಗೇ ದಾಳಿ ನಡೆದು ಗೆಲುವು ಹತ್ತಿರದಲ್ಲಿದೆ ಎಂಬ ಸರ್ಕಾರದ ಮಾತು ಸುಳ್ಳಾಯಿತು. ಫೆಬ್ರುವರಿ 25ರಂದು ಸೀಗರ್ ಅದೇ ಕಾರ್ಯಕ್ರಮದಲ್ಲಿ ಅದೇ ಹಾಡನ್ನು ಪೂರ್ತಿ ಹಾಡಿದರು. ಎರಡು ದಿನ ಬಿಟ್ಟು ಅದೇ ವಾಹಿನಿಯ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಈ ಯುದ್ಧ ಗೆಲ್ಲುವಂತೆ ಕಾಣುವುದಿಲ್ಲ ಎಂಬರ್ಥದ ಮಾತಾಡಿದರು. ಐದು ತಿಂಗಳಲ್ಲಿ ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಬಾಗಿಲು ತೆರೆಸಿದ್ದು ತೆತ್ ದಾಳಿ. ಅಧಿಕಾರದಲ್ಲಿದ್ದವರು ಹೆದರಿದ್ದು ಸಾಹಿತ್ಯಕ್ಕಲ್ಲ, ಅದು ಯಾವ ಜಾಗದಲ್ಲಿ ಎಷ್ಟು ಜನರ ಎದುರು ಏಳುತ್ತದೆ ಎಂಬುದಕ್ಕೆ. ತಟ್ಟೆಯಾಗಿ ಅಂಗಡಿಯಲ್ಲಿದ್ದರೆ ತಂಟೆಯಿಲ್ಲ. 1968ರ ಷಿಕಾಗೊ ಯುದ್ಧವಿರೋಧಿ ಪ್ರತಿಭಟನೆಯ ವೇಳೆ ನಡೆದ ಗಲಭೆಯ ಮೊಕದ್ದಮೆಯಲ್ಲಿ ಓಕ್ಸ್, ಕಾಲಿನ್ಸ್, ಗತ್ರಿ, ಸೀಗರ್, ಮೆಕ್‌ಡೊನಾಲ್ಡ್ ಎಲ್ಲರೂ ಸಾಕ್ಷಿಗಳಾಗಿ ಬಂದರು. ಕಟಕಟೆಯಲ್ಲಿ ಹಾಡಲು ಹೊರಟವರನ್ನು ನ್ಯಾಯಾಧೀಶ ಜೂಲಿಯಸ್ ಹಾಫ್‌ಮನ್ ತಡೆದರು. 1972ರಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಅವರನ್ನು ದೇಶದಿಂದ ಹೊರಹಾಕಲು ಅಧ್ಯಕ್ಷ ರಿಚರ್ಡ್ ನಿಕ್ಸನ್ ಆಡಳಿತ ಹವಣಿಸಿದ್ದೂ ಅವರ ಹಳೆಯ ತಟ್ಟೆಗಳಿಗಾಗಿ ಅಲ್ಲ, ಹೊಸದಾಗಿ ಮತಹಕ್ಕು ಬಂದಿದ್ದ ಹುಡುಗರನ್ನು ಚುನಾವಣೆ ವರ್ಷದಲ್ಲಿ ಸಭೆಗಳಿಗೆ ಸೆಳೆದಾರು ಎಂಬ ಅನುಮಾನದಿಂದ.

ಹಾಡಿಗೆ ಅರ್ಥ ಕೊಡುವವರು ಕೇಳುಗರು ಎಂಬುದಕ್ಕೆ ದೊಡ್ಡ ಪುರಾವೆ ಇರುವುದು ಯುದ್ಧಭೂಮಿಯಲ್ಲೇ. ಡಗ್ ಬ್ರ್ಯಾಡ್ಲಿ ಮತ್ತು ಕ್ರೇಗ್ ವರ್ನರ್ ವಿಯೆಟ್ನಾಂನಿಂದ ಮರಳಿದ ನೂರಾರು ಯೋಧರನ್ನು ಮಾತಾಡಿಸಿ ಪುಸ್ತಕ ಬರೆದಿದ್ದಾರೆ. ಅವರೆಲ್ಲ ಎಲ್ಲಕ್ಕಿಂತ ಹೆಚ್ಚಾಗಿ ನೆನೆದ ಹಾಡು ಇಂಗ್ಲೆಂಡಿನ ಆನಿಮಲ್ಸ್ ತಂಡದ 'ವಿ ಗಾಟ ಗೆಟ್ ಔಟ್ ಆಫ್ ದಿಸ್ ಪ್ಲೇಸ್'. ನ್ಯೂಯಾರ್ಕಿನಲ್ಲಿ ಸಂಬಳಕ್ಕೆ ಹಾಡು ಬರೆಯುತ್ತಿದ್ದ ಗಂಡ ಹೆಂಡತಿ ಬ್ಯಾರಿ ಮಾನ್ ಮತ್ತು ಸಿಂಥಿಯಾ ವೀಲ್ ಅದನ್ನು ರಚಿಸಿದ್ದರು. ನಗರದ ಕೊಳಕು ಬಡಾವಣೆಯಲ್ಲಿ ದುಡಿದು ಸವೆಯುವ ಪ್ರೇಮಿಗಳ ಹಾಡದು, ಅದರಲ್ಲಿ ಯುದ್ಧದ ವಾಸನೆಯಿಲ್ಲ. ಆದರೆ ಸೈನಿಕ ಶಿಬಿರಗಳ ಬಾರುಗಳಲ್ಲಿ ಫಿಲಿಪ್ಪೀನ್ಸಿನ ಬಾಡಿಗೆ ತಂಡಗಳು ಅದನ್ನು ನುಡಿಸದೆ ಇಳಿಯುವಂತಿರಲಿಲ್ಲ. ಪಲ್ಲವಿ ಬಂದಾಗ ಇಡೀ ಕೋಣೆ ಗಂಟಲು ಬಿಚ್ಚಿ ಹಾಡುತ್ತಿತ್ತು. ಹಾಡಿದವರಲ್ಲಿ ಯುದ್ಧವನ್ನು ವಿರೋಧಿಸುವವರೂ ಇದ್ದರು, ಬೆಂಬಲಿಸುವವರೂ ಇದ್ದರು, ಮನೆಗೆ ಹೋದರೆ ಸಾಕೆನ್ನುವವರು ಎಲ್ಲರಿಗಿಂತ ಹೆಚ್ಚು ಇದ್ದರು. ಇದು ಯುವಕರಿಗೂ ಹಿರಿಯರಿಗೂ ನಡೆದ ಜಗಳ ಎಂಬ ನಂಬಿಕೆಯೂ ಇಲ್ಲಿ ಸಡಿಲವಾಗುತ್ತದೆ. ಗ್ಯಾಲಪ್ ಅಂಕಿಅಂಶಗಳಲ್ಲಿ ಮೂವತ್ತರೊಳಗಿನವರು ಹಿರಿಯರಿಗಿಂತ ಹೆಚ್ಚಾಗಿ ಯುದ್ಧವನ್ನು ಬೆಂಬಲಿಸಿದ್ದಾರೆ. ಬಿರುಕು ಇದ್ದದ್ದು ವಯಸ್ಸಿನಲ್ಲಿ ಅಲ್ಲ, ವರ್ಗದಲ್ಲಿ ಎಂಬುದನ್ನು ಹೆಚ್ಚು ನಿಖರವಾಗಿ ಕಂಡವರು ಕ್ರೀಡೆನ್ಸ್ ತಂಡದ ಜಾನ್ ಫಾಗರ್ಟಿ. ಕಾಲೇಜು ಸೇರಿದವನಿಗೆ ಭರ್ತಿಯಿಂದ ವಿನಾಯಿತಿ, ದೊಡ್ಡವರ ಮಕ್ಕಳಿಗೆ ಸುರಕ್ಷಿತ ಹುದ್ದೆ, ಕೂಲಿಯವನ ಮಗನಿಗೆ ಗದ್ದೆಯ ಕೆಸರು. ಅವರ 'ಫಾರ್ಚುನೇಟ್ ಸನ್' ಇದರ ಮೇಲಿನ ಸಿಟ್ಟು. ಸ್ವತಃ ಸೇನೆಯ ಮೀಸಲು ಪಡೆಯಲ್ಲಿದ್ದ ಫಾಗರ್ಟಿ ಸೈನಿಕರ ಮೇಲೆ ಒಂದು ಕೆಟ್ಟ ಮಾತನ್ನೂ ಆಡುವುದಿಲ್ಲ.

1969ರ ಆಗಸ್ಟ್‌ನ ವುಡ್‌ಸ್ಟಾಕ್ ಉತ್ಸವಕ್ಕೆ ನಾಲ್ಕು ಲಕ್ಷ ಜನ ಸೇರಿದರು, ಜಿಮಿ ಹೆಂಡ್ರಿಕ್ಸ್ ರಾಷ್ಟ್ರಗೀತೆಯನ್ನು ಬಾಂಬಿನ ಸದ್ದಿನೊಡನೆ ಬೆರೆಸಿ ನುಡಿಸಿದರು, ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನ್ನ ಮಟ್ಟಿಗೆ ಅದಕ್ಕಿಂತ ತೂಕದ ದಿನ ಅದೇ ವರ್ಷದ ನವೆಂಬರ್ 15. ಎರಡು ವಾರದ ಹಿಂದಷ್ಟೇ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು, ಗಲಾಟೆ ಮಾಡದ ಮೌನ ಬಹುಮತ ತಮ್ಮ ಕಡೆಗಿದೆ ಎಂದಿದ್ದರು. ವಾಷಿಂಗ್ಟನ್‌ನಲ್ಲಿ ಅಂದು ಸೇರಿದವರು, ಪೊಲೀಸರ ಲೆಕ್ಕದಲ್ಲೇ, ಎರಡೂವರೆ ಲಕ್ಷ. ಸೀಗರ್ ವೇದಿಕೆಯ ಮೇಲೆ ಲೆನನ್ ಅವರ 'ಗಿವ್ ಪೀಸ್ ಎ ಚಾನ್ಸ್' ಎತ್ತಿಕೊಂಡರು. ಜೂನ್‌ನಲ್ಲಿ ಮಾಂಟ್ರಿಯಲ್‌ನ ಹೋಟೆಲ್ ಕೋಣೆಯಲ್ಲಿ ಧ್ವನಿಮುದ್ರಿಸಿದ ಆ ಹಾಡಿನ ಚರಣಗಳು ತಲೆಬುಡವಿಲ್ಲದ ಪದಗಳ ಪಟ್ಟಿ, ಯಾರಿಗೂ ಬಾಯಿಗೆ ಬರುವುದಿಲ್ಲ. ಸೀಗರ್ ಅವನ್ನು ಬಿಟ್ಟೇಬಿಟ್ಟರು. ಪಲ್ಲವಿಯೊಂದನ್ನೇ ಹಿಡಿದು ನಿಮಿಷಗಟ್ಟಲೆ ಹಾಡಿಸಿದರು, ಸಾಲು ಸಾಲಿನ ನಡುವೆ ನಿಕ್ಸನ್ ಕೇಳುತ್ತಿದ್ದೀರಾ ಎಂದು ಕೂಗಿದರು. ಆಲ್ಬನಿಯ ಚರ್ಚಿನಲ್ಲಿ ಪೊಲೀಸ್ ಮುಖ್ಯಸ್ಥರ ಹೆಸರು ಸೇರಿಸಿದ ಅದೇ ಕಸುಬು ಇದು. ಜಗತ್ತಿನ ಅತಿ ಪ್ರಸಿದ್ಧ ಗಾಯಕರ ತಟ್ಟೆಯನ್ನೂ ಮೆರವಣಿಗೆ ಹೀಗೆ ಕತ್ತರಿಸಿ ತನ್ನ ಅಳತೆಗೆ ಹೊಲಿದುಕೊಳ್ಳುತ್ತಿತ್ತು.

ನನ್ನ ವಾದಕ್ಕೆ ಅತ್ಯಂತ ಕಷ್ಟ ಕೊಡುವ ಹಾಡು 'ಓಹಿಯೊ'. 1970ರ ಮೇ 4ರಂದು ಓಹಿಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆ ಹದಿಮೂರು ಸೆಕೆಂಡುಗಳಲ್ಲಿ ಅರವತ್ತೇಳು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದಿತು, ಒಂಬತ್ತು ಜನ ಗಾಯಗೊಂಡರು. ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ನೋಡಿ ನೀಲ್ ಯಂಗ್ ಹಾಡು ಬರೆದರು. 21ರಂದು ಧ್ವನಿಮುದ್ರಣ, ಜೂನ್‌ನಲ್ಲಿ ತಟ್ಟೆ ಅಂಗಡಿಯಲ್ಲಿ. ನಿಕ್ಸನ್ ಹೆಸರು ಹಿಡಿದೇ ದೂರುವ ಆ ಹಾಡನ್ನು ಹಲವು ಎಎಂ ಕೇಂದ್ರಗಳು ಹಾಕಲಿಲ್ಲ, ಆದರೂ ಅದು ಹದಿನಾಲ್ಕನೇ ಸ್ಥಾನ ತಲುಪಿತು. ಮಾರಾಟದ ಹಾಡು ಇಲ್ಲಿ ತಡ ಮಾಡಲಿಲ್ಲ, ಪತ್ರಿಕೆಯಷ್ಟೇ ಬೇಗ ಓಡಿತು ಎಂಬುದನ್ನು ಒಪ್ಪಲೇಬೇಕು. ಆದರೆ ಅದು ಯಾರ ಮನಸ್ಸನ್ನು ತಿರುಗಿಸಿತು? ಆ ಮೇ ತಿಂಗಳ ನ್ಯೂಸ್‌ವೀಕ್ ಸಮೀಕ್ಷೆಯಲ್ಲಿ ಸಾವಿಗೆ ವಿದ್ಯಾರ್ಥಿಗಳೇ ಹೊಣೆ ಎಂದವರು ಶೇ 58, ಗಾರ್ಡ್ ಹೊಣೆ ಎಂದವರು ಶೇ 11. ಕೆಂಟ್ ಸ್ಟೇಟ್‌ನಲ್ಲಿ ಗುಂಡು ಹಾರಿದ ನಾಲ್ಕು ದಿನದ ನಂತರ ನ್ಯೂಯಾರ್ಕಿನಲ್ಲಿ ಕಟ್ಟಡ ಕಾರ್ಮಿಕರು ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಅಟ್ಟಾಡಿಸಿ ಹೊಡೆದಿದ್ದರು. ಹಿಪ್ಪಿಗಳನ್ನು ಗೇಲಿ ಮಾಡುವ ಮರ್ಲ್ ಹ್ಯಾಗರ್ಡ್ ಅವರ 'ಓಕಿ ಫ್ರಮ್ ಮಸ್ಕೋಗಿ' ಹಿಂದಿನ ವರ್ಷವಷ್ಟೇ ಕಂಟ್ರಿ ಸಂಗೀತದ ಪಟ್ಟಿಯ ತುದಿಯಲ್ಲಿತ್ತು. ಅದನ್ನು ಶ್ವೇತಭವನದಲ್ಲಿ ಹಾಡಿ ಎಂದು ನಿಕ್ಸನ್ ಕಡೆಯವರು ಏಪ್ರಿಲ್‌ನಲ್ಲಿ ಜಾನಿ ಕ್ಯಾಶ್ ಅವರನ್ನು ಕೇಳಿದ್ದರು. ಕ್ಯಾಶ್ ಹಾಡಲಿಲ್ಲ, ಬದಲಿಗೆ ಹುಡುಗರ ಪ್ರಶ್ನೆಗಳ ಪರವಾಗಿ ನಿಲ್ಲುವ ತಮ್ಮ 'ವಾಟ್ ಈಸ್ ಟ್ರುತ್' ಹಾಡಿದರು. ಇನ್ನೊಂದು ಲೆಕ್ಕವೂ ಇದೆ. ಕೆಂಟ್ ಸ್ಟೇಟ್ ನಡೆದ ಹನ್ನೊಂದು ದಿನಕ್ಕೆ ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರು ಗುಂಡು ಹಾರಿಸಿ ಇಬ್ಬರು ಕಪ್ಪು ಯುವಕರನ್ನು ಕೊಂದರು. 'ಓಹಿಯೊ'ದಂತೆ ಮನೆಮಾತಾಗುವ ಹಾಡು ಅವರಿಗೆ ಸಿಗಲಿಲ್ಲ. ಹಾಡುವುದನ್ನು ಕಲಿಸಿದವರ ಸಾವಿಗೆ ಮಾರುಕಟ್ಟೆ ಕಿವಿಗೊಟ್ಟ ಬಗೆ ಇದು.

ಇಷ್ಟರಲ್ಲಿ ಭರ್ತಿಯ ವ್ಯವಸ್ಥೆಯೇ ಬದಲಾಗುತ್ತಿತ್ತು. 1969ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ ಗಾಜಿನ ದೊಡ್ಡ ಜಾಡಿಯೊಳಗೆ 366 ನೀಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಸುರಿದರು. ಒಂದೊಂದರಲ್ಲೂ ವರ್ಷದ ಒಂದೊಂದು ದಿನಾಂಕ. ಟಿವಿ ಕ್ಯಾಮೆರಾಗಳ ಎದುರು ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರವರೆಗೆ ಆ ದಿನ ಹುಟ್ಟಿದ ಗಂಡುಹುಡುಗರಿಗೆ ಮೊದಲ ಕರೆ. ಕೊನೆಗೆ ಬಂದ ಜೂನ್ 8ರವರು ಉಸಿರು ಬಿಟ್ಟರು. ಡಬ್ಬಿಗಳನ್ನು ತಿಂಗಳ ಕ್ರಮದಲ್ಲೇ ತುಂಬಿ ಸರಿಯಾಗಿ ಕಲಸದಿದ್ದುದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಹೆಚ್ಚಾಗಿ ಬೇಗ ಕರೆ ಬರುವ ಚಿಕ್ಕ ಸಂಖ್ಯೆಗಳು ಬಿದ್ದವೆಂದು ಸಂಖ್ಯಾಶಾಸ್ತ್ರಜ್ಞರು ಆಮೇಲೆ ತೋರಿಸಿದರು. ಈ ಲಾಟರಿಯ ರಾಜಕೀಯ ಪರಿಣಾಮ ಸರಳವಾದದ್ದು. ಅದುವರೆಗೆ ಎಲ್ಲರ ತಲೆಯ ಮೇಲಿದ್ದ ಕತ್ತಿ ಈಗ ಕೆಲವರ ಮೇಲೆ ಮಾತ್ರ ಉಳಿಯಿತು. ಸಂಖ್ಯೆ ದೊಡ್ಡದಿದ್ದವನು ಪಾಠಕ್ಕೆ ಮರಳಿದ. ನಿಕ್ಸನ್ ಸೈನ್ಯವನ್ನು ಹಿಂದಕ್ಕೆ ಕರೆಸುತ್ತಾ ಬಾಂಬ್ ದಾಳಿಯನ್ನು ಮುಂದುವರಿಸಿದರು, 1972ರಲ್ಲಿ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳನ್ನು ಗೆದ್ದರು, 1973ರ ಜನವರಿಯಲ್ಲಿ ಕಡ್ಡಾಯ ಭರ್ತಿ ನಿಂತಿತು. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬಿದ್ದದ್ದು 1975ರ ಏಪ್ರಿಲ್ 30ಕ್ಕೆ. ಅಷ್ಟರಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು, ಸತ್ತ ವಿಯೆಟ್ನಾಮಿಗಳ ಲೆಕ್ಕ ಹತ್ತಾರು ಲಕ್ಷಗಳಲ್ಲಿದೆ. ಅಮೆರಿಕದ ಹಾಡುಗಳಲ್ಲಿ ಆ ಎರಡನೇ ಲೆಕ್ಕ ಕಾಣಿಸಿಕೊಳ್ಳುವುದು ತೀರಾ ವಿರಳ.

ಭರ್ತಿಯಿಲ್ಲದ ಯುದ್ಧ ಬಂದಾಗ ಏನಾಯಿತು ಎಂಬುದನ್ನೂ ನೋಡಬೇಕು. 2003ರ ಫೆಬ್ರುವರಿ 15ರಂದು ಇರಾಕ್ ಯುದ್ಧದ ವಿರುದ್ಧ ಜಗತ್ತಿನ ನೂರಾರು ನಗರಗಳಲ್ಲಿ ಮೆರವಣಿಗೆ ನಡೆಯಿತು. ಸಂಖ್ಯೆಯಲ್ಲಿ ವಿಯೆಟ್ನಾಂ ಕಾಲದ ಯಾವ ದಿನವೂ ಅದಕ್ಕೆ ಸಾಟಿಯಲ್ಲ. ಹಾಡುಗಳೂ ಬಂದವು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತಿದ್ದವು. ಯಾವುದೂ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಯುದ್ಧಕ್ಕೆ ಹೋದವರು ಸಂಬಳಕ್ಕೆ ತಾವಾಗಿ ಸೇರಿದವರು, ಹಾಡು ಕೇಳುವ ಕಾಲೇಜು ಹುಡುಗರ ಮನೆಗೆ ಕರೆಯ ಕಾಗದ ಬರುವಂತಿರಲಿಲ್ಲ. ಬೀದಿಯಲ್ಲಿ ಸೇರಿದ ಲಕ್ಷಾಂತರ ಜನರಿಗೆ ಒಟ್ಟಿಗೆ ಹಾಡುವ ರೂಢಿಯೂ ತಪ್ಪಿಹೋಗಿತ್ತು. 2006ರಲ್ಲಿ ಇರಾಕ್ ಯುದ್ಧದ ವಿರುದ್ಧ ಇಡೀ ಒಂದು ಆಲ್ಬಮ್ ತಂದವರು ಮತ್ತೆ ನೀಲ್ ಯಂಗ್. 'ಓಹಿಯೊ' ಬರೆದಾಗ ಇಪ್ಪತ್ತನಾಲ್ಕರ ಹುಡುಗನಾಗಿದ್ದ ಅವರಿಗೆ ಆಗ ಅರವತ್ತು. ಈ ಕೆಲಸವನ್ನು ಯಾರಾದರೂ ಚಿಕ್ಕವರು ಮಾಡುತ್ತಾರೇನೋ ಎಂದು ಬಹಳ ದಿನ ಕಾದೆ, ಯಾರೂ ಬರದಿದ್ದಾಗ ನಾನೇ ಮಾಡಿದೆ ಎಂಬರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಹೇಳಿದರು.